ಆಸ್ಟ್ರೇಲಿಯಾ 462, ಭಾರತ 98: ಕ್ಯಾನ್ಸರ್ ಅಂಕಿಗಳನ್ನು ನಮ್ಮ ತಾಲ್ಲೂಕಿಗೆ ಹೇಗೆ ಓದೋದು?

ತುಂಗಾದಂಡೆ (ತೀರ್ಥಹಳ್ಳಿ) ಕೇಳಿದ್ದು:

ಹೋಬಳಿ ಮಟ್ಟದ ಆರೋಗ್ಯ ಶಿಬಿರಕ್ಕೆ ಕ್ಯಾನ್ಸರ್ ಬಗ್ಗೆ ನಾಲ್ಕು ಚಾರ್ಟ್ ಬರೆಸಬೇಕಾಗಿದೆ. ಗ್ಲೋಬೊಕ್ಯಾನ್ 2022ರ (ದೇಶವಾರು ಕ್ಯಾನ್ಸರ್ ಅಂದಾಜಿನ) ಅಂಕಿ ತೆಗೆದು ನೋಡಿದರೆ ವರ್ಷಕ್ಕೆ ಹೊಸ ರೋಗಿಗಳು ಆಸ್ಟ್ರೇಲಿಯಾದಲ್ಲಿ ಲಕ್ಷ ಜನಕ್ಕೆ 462, ಪ್ರಪಂಚದ ಸರಾಸರಿ 197, ಭಾರತದಲ್ಲಿ ಬರೀ 98. ಇದನ್ನೇ ಬರೆಸಿದರೆ "ನಮ್ಮಲ್ಲಿ ಕಡಿಮೆ ಬಿಡಿ ಮಾರಾಯ್ರೆ" ಅಂತ ಜನ ಎದ್ದು ಹೋಗ್ತಾರೆ. ಊರಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಮೊದಲೆಲ್ಲ ಇರ್ಲಿಲ್ಲ, ಈಗ ಮನೆಗೊಂದು." ಈ ಎರಡೂ ಒಟ್ಟಿಗೆ ಹೇಗೆ ನಿಜ ಆಗತ್ತೆ?

ಎರಡನೇದು, ಒಂದು ಗ್ರಾಮದವರು ಪಟ್ಟಿ ಕೊಟ್ಟಿದ್ದಾರೆ. ಜನಸಂಖ್ಯೆ 2,000, ಒಂದು ವರ್ಷದಲ್ಲಿ 5 ಜನಕ್ಕೆ ಕ್ಯಾನ್ಸರ್. ಲಕ್ಷಕ್ಕೆ ಏರಿಸಿದರೆ 250, ಅಂದ್ರೆ ದೇಶದ ದರದ ಎರಡೂವರೆ ಪಟ್ಟು. ತೋಟಕ್ಕೆ ಹೊಡೆಯೋ ಔಷಧಿ ಅಂತ ಕೆಲವರು, ಮೊಬೈಲ್ ಟವರ್ ಅಂತ ಕೆಲವರು. ಇದನ್ನ ಚಾರ್ಟಿಗೆ ಹಾಕಬಹುದಾ? ಲೆಕ್ಕ ಗೊತ್ತಿರೋರು ಬಿಡಿಸಿ ಹೇಳಿ.

ಅಂಕಿಮನೆ (ಶಿವಮೊಗ್ಗ) ಉತ್ತರ:

ಮೊದಲು ಈ ಅಂಕಿ ಎಲ್ಲಿಂದ ಬರುತ್ತದೆ ಅನ್ನೋದು ನೋಡಿ. ಗ್ಲೋಬೊಕ್ಯಾನ್ ತಯಾರಿಸೋದು ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಐಎಆರ್‌ಸಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ. ಪ್ರತಿ ದೇಶದಲ್ಲಿ ತಲೆ ಎಣಿಸಿ ಬರೆದದ್ದಲ್ಲ ಅದು. ಆಯಾ ದೇಶದ ಜನಸಂಖ್ಯಾ ಆಧಾರಿತ ನೋಂದಣಿಗಳು (ಒಂದು ಪ್ರದೇಶದಲ್ಲಿ ಪತ್ತೆಯಾದ ಎಲ್ಲ ಕ್ಯಾನ್ಸರನ್ನೂ ದಾಖಲಿಸುವ ಕೇಂದ್ರಗಳು) ಏನು ಕೊಟ್ಟಿವೆಯೋ ಅದರ ಮೇಲೆ ಕಟ್ಟಿದ ಅಂದಾಜು. ಭಾರತದ ನೋಂದಣಿಗಳು ದೇಶದ ಜನರಲ್ಲಿ ಸುಮಾರು ಶೇ 10ರಷ್ಟನ್ನು ಮಾತ್ರ ಒಳಗೊಳ್ಳುತ್ತವೆ. 2012–16ರ ಅವಧಿಯ ರಾಷ್ಟ್ರೀಯ ವರದಿಯಲ್ಲಿ 28 ನೋಂದಣಿಗಳಿದ್ದವು. ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಒಂದೇ, ಕಿದ್ವಾಯಿ ಸಂಸ್ಥೆ ನಡೆಸುವಂಥದ್ದು. ಹಾಗಾಗಿ ನಿಮ್ಮ "ಭಾರತ 98"ರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಪಾಲು ಸೊನ್ನೆ.

ಅದೇ ವರದಿಯಲ್ಲಿ ಗಂಡಸರ ದರ ಮಿಜೋರಾಂನ ಐಜ್ವಾಲ್ ಜಿಲ್ಲೆಯಲ್ಲಿ ಲಕ್ಷಕ್ಕೆ 269.4, ಮಹಾರಾಷ್ಟ್ರದ ಉಸ್ಮಾನಾಬಾದ್–ಬೀಡ್‌ನಲ್ಲಿ 39.5. ದೇಶ ಒಂದೇ, ವ್ಯತ್ಯಾಸ ಏಳು ಪಟ್ಟಿನ ಹತ್ತಿರ. ಇಷ್ಟು ಹರಡಿರುವಾಗ ಭಾರತದ ಸರಾಸರಿ ತೆಗೆದುಕೊಂಡು ಒಂದು ತಾಲ್ಲೂಕಿನ ಬಗ್ಗೆ ಏನೂ ಹೇಳೋಕೆ ಬರಲ್ಲ.

ಇನ್ನು ವಯಸ್ಸಿನ ವಿಚಾರ. 462, 197, 98 ಇವೆಲ್ಲ ವಯಸ್ಸಿಗೆ ಹೊಂದಿಸಿದ ದರಗಳು. ಕ್ಯಾನ್ಸರ್ ಬಹುಪಾಲು ವಯಸ್ಸಾದವರ ಕಾಯಿಲೆ, ಆದ್ದರಿಂದ ಮುದುಕರು ಹೆಚ್ಚಿರುವ ಊರಿನಲ್ಲಿ ಕಚ್ಚಾ ದರ (ಒಟ್ಟು ರೋಗಿಗಳನ್ನು ಒಟ್ಟು ಜನಕ್ಕೆ ನೇರ ಭಾಗಿಸಿದ್ದು) ತಾನಾಗೇ ಮೇಲೇಳುತ್ತದೆ. ಅದನ್ನು ಸರಿಪಡಿಸೋಕೆ ಎಲ್ಲ ದೇಶಗಳಿಗೂ ಒಂದೇ ಕಾಲ್ಪನಿಕ ಜನಸಂಖ್ಯೆ ಬಳಸುತ್ತಾರೆ. ಜಪಾನಿನ ಸೆಗಿ ಅನ್ನೋ ಸಂಶೋಧಕರು 1960ರಲ್ಲಿ ಮಾಡಿ, 1966ರಲ್ಲಿ ಡಾಲ್ ಅನ್ನೋ ಇನ್ನೊಬ್ಬರು ತಿದ್ದಿದ್ದು ಅದು. ಒಂದು ಲಕ್ಷ ಜನರನ್ನು ಐದೈದು ವರ್ಷದ ಗುಂಪುಗಳಲ್ಲಿ ಹಂಚಿರುತ್ತಾರೆ. ಅರ್ಥ ಆಗಲಿ ಅಂತ ಮೂರೇ ಗುಂಪು ಮಾಡಿದರೆ: 0–39 ವರ್ಷ 68,000, 40–59 ವರ್ಷ 21,000, 60 ಮೇಲ್ಪಟ್ಟವರು 11,000.

ಈಗ ಎರಡು ತಾಲ್ಲೂಕು ಇದೆ ಅಂದ್ಕೊಳ್ಳಿ (ಅಂಕಿ ಲೆಕ್ಕಕ್ಕಾಗಿ ಹಾಕಿದ್ದು, ನಿಜವಾದ ತಾಲ್ಲೂಕಿನದ್ದಲ್ಲ). ಎರಡರಲ್ಲೂ ಎರಡು ಲಕ್ಷ ಜನ.

ತಾಲ್ಲೂಕು ಒಂದು, ಹುಡುಗರೆಲ್ಲ ಬೆಂಗಳೂರು ಸೇರಿರೋದು. 0–39ರಲ್ಲಿ 1,20,000 ಜನ, 24 ರೋಗಿಗಳು. 40–59ರಲ್ಲಿ 50,000 ಜನ, 75 ರೋಗಿಗಳು. 60 ಮೇಲೆ 30,000 ಜನ, 150 ರೋಗಿಗಳು. ಒಟ್ಟು 249. ಕಚ್ಚಾ ದರ 124.5.

ತಾಲ್ಲೂಕು ಎರಡು, ಕೆಲಸ ಹುಡುಕಿಕೊಂಡು ಹರೆಯದವರು ಬಂದು ನೆಲೆಸಿರೋದು. 0–39ರಲ್ಲಿ 1,45,000 ಜನ, 29 ರೋಗಿಗಳು. 40–59ರಲ್ಲಿ 36,000 ಜನ, 54 ರೋಗಿಗಳು. 60 ಮೇಲೆ 19,000 ಜನ, 95 ರೋಗಿಗಳು. ಒಟ್ಟು 178. ಕಚ್ಚಾ ದರ 89.

ಮೇಲ್ನೋಟಕ್ಕೆ ಮೊದಲನೇ ತಾಲ್ಲೂಕಿನಲ್ಲಿ ಶೇ 40ರಷ್ಟು ಜಾಸ್ತಿ. ಗುಂಪು ಗುಂಪಾಗಿ ಭಾಗಿಸಿ ನೋಡಿ: ಎರಡರಲ್ಲೂ ಲಕ್ಷಕ್ಕೆ 20, 150, 500. ಇವನ್ನು ಸೆಗಿ ತೂಕಕ್ಕೆ ಗುಣಿಸಿದರೆ 13.6 + 31.5 + 55 = 100.1. ಎರಡಕ್ಕೂ ಅದೇ ಉತ್ತರ. ಅಪಾಯ ಒಂದೇ, ಮುದುಕರ ಸಂಖ್ಯೆ ಮಾತ್ರ ಬೇರೆ.

ಮಲೆನಾಡಿನ ಹಳ್ಳಿಗಳು ಬಹುಪಾಲು ಮೊದಲನೇ ಥರ. ಮನೆಯಲ್ಲಿ ಉಳಿದಿರೋದು ಅಪ್ಪ ಅಮ್ಮ. "ಮನೆಗೊಂದು" ಅನ್ನಿಸೋಕೆ ದೊಡ್ಡ ಕಾರಣ ಅದೇ. ಸ್ವಾತಂತ್ರ್ಯ ಬಂದ ಹೊತ್ತಿಗೆ 40ರ ಒಳಗಿದ್ದ ಸರಾಸರಿ ಆಯಸ್ಸು ಈಗ 70ರ ಆಸುಪಾಸು. ಆಗ ಬೇರೆ ಕಾಯಿಲೆಯಲ್ಲಿ ಹೋಗ್ತಿದ್ದವರು ಈಗ ಕ್ಯಾನ್ಸರ್ ಬರುವ ವಯಸ್ಸು ಮುಟ್ಟುತ್ತಾರೆ. ಪ್ರಪಂಚದಲ್ಲಿ 2022ರಲ್ಲಿ ಸುಮಾರು 2 ಕೋಟಿ ಹೊಸ ರೋಗಿಗಳು, 2050ಕ್ಕೆ ಮೂರೂವರೆ ಕೋಟಿ ಅಂತ ಅಂದಾಜು, ಶೇ 77 ಏರಿಕೆ. ಈ ಲೆಕ್ಕವೂ ಜನಸಂಖ್ಯೆ ಮತ್ತು ವಯಸ್ಸು ಹೆಚ್ಚೋದರ ಮೇಲೆಯೇ ನಿಂತಿದೆ. ಹಾಗಾಗಿ ರೋಗಿಗಳ ಸಂಖ್ಯೆ ಏರೋದೂ ನಿಜ, ವಯಸ್ಸಿಗೆ ಹೊಂದಿಸಿದ ದರ ಹೊರದೇಶಕ್ಕಿಂತ ಕಡಿಮೆ ಇರೋದೂ ನಿಜ. ಜಗಳ ಇಲ್ಲ.

ಒಂದು ಬಲೆ ಇದೆ, ಅದರಲ್ಲಿ ಬೀಳಬೇಡಿ. ಅಮೆರಿಕದವರು ತಮ್ಮ ದೇಶದ ದರ ಪ್ರಕಟಿಸುವಾಗ ಅವರದೇ 2000ನೇ ಇಸವಿಯ ಜನಸಂಖ್ಯೆಗೆ ಹೊಂದಿಸುತ್ತಾರೆ. ಅದರಲ್ಲಿ ಹಿರಿಯರ ತೂಕ ಜಾಸ್ತಿ, ಆದ್ದರಿಂದ 440ರ ಸುಮಾರು ಬರುತ್ತದೆ. ಗ್ಲೋಬೊಕ್ಯಾನ್‌ನಲ್ಲಿ ಅದೇ ದೇಶ 367. ಒಂದು ಚಾರ್ಟಿನಲ್ಲಿ ಎರಡು ಮೂಲ ಬೆರೆಸಿದರೆ ಇಡೀ ಹೋಲಿಕೆ ಹಾಳು. ಆಸ್ಟ್ರೇಲಿಯಾದ 462ರಲ್ಲೂ ಬಿಳಿ ಚರ್ಮ, ಉರಿಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರಿನ ಪಾಲು ದೊಡ್ಡದು. ನಮಗೆ ಅದು ಅನ್ವಯಿಸಲ್ಲ.

ಕೊನೆಗಾರ್ ಸಾಮಾನು (ಹೊಸನಗರ) ಉತ್ತರ:

ಲೆಕ್ಕ ಎಲ್ಲ ಸರಿ. ಆದ್ರೆ 2,000 ಜನಕ್ಕೆ 5 ಅಂದ್ರೆ ಎಂತ ಹೇಳ್ತೀರಿ? ವರ್ಷಕ್ಕೆ ಮೂರು ಸಲ ತೋಟಕ್ಕೆ ಔಷಧಿ ಹೊಡೀತಾರೆ, ಬಾವಿ ತೋಟದ ಪಕ್ಕದಲ್ಲೇ. ಅನುಮಾನ ಬರೋದು ತಪ್ಪಾ?

ಅಂಕಿಮನೆ ಉತ್ತರ:

ಅನುಮಾನ ತಪ್ಪಲ್ಲ. ಅದಕ್ಕೆ 5 ಸಾಕಾಗಲ್ಲ, ಅಷ್ಟೇ.

ಕಚ್ಚಾ ದರ ಲಕ್ಷಕ್ಕೆ 100 ಅಂತ ಹಿಡಿದರೆ 2,000 ಜನಕ್ಕೆ ವರ್ಷಕ್ಕೆ 2 ನಿರೀಕ್ಷೆ. ಆದರೆ ಪ್ರತಿ ವರ್ಷ ಸರಿಯಾಗಿ 2 ಬರಲ್ಲ. ಪಾಸಾನ್ ಲೆಕ್ಕದಲ್ಲಿ (ಅಪರೂಪದ ಘಟನೆ ಎಷ್ಟು ಸಲ ಆಗಬಹುದು ಅಂತ ಹೇಳುವ ಸೂತ್ರ) ಒಂದೂ ಬಾರದ ವರ್ಷದ ಸಾಧ್ಯತೆ ಶೇ 13.5, ಐದು ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಶೇ 5.3. ಇಂಥ ಸಾವಿರ ಹಳ್ಳಿ ಇದ್ದರೆ ಯಾವ ವಿಶೇಷ ಕಾರಣವೂ ಇಲ್ಲದೆ ಐವತ್ತು ಚಿಲ್ಲರೆ ಹಳ್ಳಿಗಳಲ್ಲಿ ಆ ವರ್ಷ 5 ಅಥವಾ ಹೆಚ್ಚು ಬಂದಿರುತ್ತದೆ. ಒಂದೂ ಬಾರದ ನೂರಾ ಮೂವತ್ತೈದು ಹಳ್ಳಿಯವರು ಪಟ್ಟಿ ತಗೊಂಡು ನಿಮ್ಮ ಹತ್ತಿರ ಬರಲ್ಲ. ಬರೋದು ಐದು ಕಂಡವರೇ.

5 ಅನ್ನೋ ಎಣಿಕೆಗೆ ಶೇ 95ರ ವಿಶ್ವಾಸದ ಮಿತಿ, ಅಂದರೆ ಆಕಸ್ಮಿಕದ ಏರಿಳಿತ ಕಳೆದು ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ, 1.6ರಿಂದ 11.7. ನಿಮ್ಮ "250" ಅನ್ನೋದು ಪ್ರಾಮಾಣಿಕವಾಗಿ ಬರೆದರೆ "ಲಕ್ಷಕ್ಕೆ 81ರಿಂದ 584ರ ನಡುವೆ ಎಲ್ಲೋ". ಇದನ್ನು ಚಾರ್ಟಿಗೆ ಹಾಕಬೇಡಿ.

ಮಾಡಬೇಕಾದ್ದು: ಐದು ವರ್ಷದ್ದು ಒಟ್ಟು ಮಾಡಿ. ಆಗ ನಿರೀಕ್ಷೆ 10. ಹದಿನೆಂಟು ಬಂದರೆ ಆಕಸ್ಮಿಕದ ಸಾಧ್ಯತೆ ನೂರಕ್ಕೆ ಒಂದೂವರೆಯ ಹತ್ತಿರ, ಗಮನಿಸಬೇಕಾದ್ದು. ಇಪ್ಪತ್ತೈದು ಬಂದರೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ, ಆಗ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಲೇಬೇಕು. ಹಳ್ಳಿಯಲ್ಲಿ ಮುದುಕರು ಹೆಚ್ಚಿದ್ದರೆ ನಿರೀಕ್ಷೆಯನ್ನೇ ಮೇಲೆ ಹೇಳಿದಂತೆ ವಯಸ್ಸಿನ ಗುಂಪಿನಿಂದ ಲೆಕ್ಕ ಹಾಕಿ. 10 ಹೋಗಿ 14 ಆಗಬಹುದು. ಗಡಿಯನ್ನು ಮೊದಲೇ ಗೊತ್ತು ಮಾಡ್ಕೊಳ್ಳಿ, ಗ್ರಾಮ ಪಂಚಾಯ್ತಿ ಪೂರ್ತಿ ಅಥವಾ ಕಂದಾಯ ಗ್ರಾಮ ಪೂರ್ತಿ. ರೋಗಿಗಳ ಮನೆ ಎಲ್ಲೆಲ್ಲಿದೆ ನೋಡ್ಕೊಂಡು ಆಮೇಲೆ "ಈ ಕೇರಿ" ಅಂತ ಗೆರೆ ಎಳೆದರೆ ಯಾವ ಊರಲ್ಲಾದರೂ ದರ ಭಯಂಕರ ಕಾಣುತ್ತದೆ.

ಆ ಐದೂ ಯಾವ ಅಂಗದ್ದು ಅಂತ ಕೇಳಿ. ಒಂದು ಸ್ತನ, ಒಂದು ಬಾಯಿ, ಒಂದು ಜಠರ, ಒಂದು ಪ್ರಾಸ್ಟೇಟ್, ಒಂದು ರಕ್ತದ್ದು ಆಗಿದ್ದರೆ ಅವು ಬೇರೆ ಬೇರೆ ಕಾರಣದ ಐದು ಕಾಯಿಲೆ. ಐದೂ ಒಂದೇ ಅಪರೂಪದ ಬಗೆಯದ್ದಾಗಿದ್ದರೆ ಆಗ ಸಂಖ್ಯೆ ಸಣ್ಣದಾದರೂ ಹುಡುಕಬೇಕು.

ಗುಡ್ಡದಕೇರಿ (ಸಾಗರ) ಉತ್ತರ:

ಔಷಧಿ ಬಗ್ಗೆ ನಾನು ಸೇರಿಸ್ತೇನೆ, ಇದರಲ್ಲಿ ಗೊಂದಲ ಜಾಸ್ತಿ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯೋದು ಶೇ 1ರ ಬೋರ್ಡೋ: 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಐಎಆರ್‌ಸಿಯ ಮೊದಲನೇ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ಪಟ್ಟಿಯಲ್ಲಿ, ತಾಮ್ರ ಇಲ್ಲ. ಹಾಗಂತ ಇದು ನಿರುಪದ್ರವಿ ಅಲ್ಲ. ಪೋರ್ಚುಗಲ್‌ನ ದ್ರಾಕ್ಷಿ ತೋಟದಲ್ಲಿ ವರ್ಷಗಟ್ಟಲೆ ಬೋರ್ಡೋ ಹೊಡೆದವರ ಶ್ವಾಸಕೋಶ ಕೆಟ್ಟದ್ದನ್ನು 1969ರಲ್ಲೇ ವೈದ್ಯರು ದಾಖಲಿಸಿದ್ದಾರೆ. ಮರದ ಮೇಲೆ ಕೂತು ಗೊನೆಗೆ ಹೊಡೆಯುವ ಕೊನೆಗಾರರ ಮುಖಕ್ಕೇ ಹನಿ ತಿರುಗಿ ಬರುತ್ತದೆ. ಮಾಸ್ಕ್, ಕನ್ನಡಕ ಬೇಕಾದ್ದು ಆ ಕಾರಣಕ್ಕೆ.

ಕೀಟನಾಶಕ, ಕಳೆನಾಶಕದ ಕಥೆ ಬೇರೆ. 2015ರಲ್ಲಿ ಐಎಆರ್‌ಸಿ ಲಿಂಡೇನ್ ಅನ್ನು ಮೊದಲನೇ ಗುಂಪಿಗೂ, ಮೆಲಾಥಿಯಾನ್, ಡಯಾಜಿನಾನ್, ಗ್ಲೈಫೋಸೇಟ್ ಮೂರನ್ನು 2ಎ ಗುಂಪಿಗೂ (ಬಹುಶಃ ಕ್ಯಾನ್ಸರ್ ತರುತ್ತದೆ) ಸೇರಿಸಿತು. ಮೊಬೈಲ್, ಟವರ್ ಹೊಮ್ಮಿಸುವ ರೇಡಿಯೋ ತರಂಗ 2011ರಿಂದ 2ಬಿ (ತರಬಹುದೇನೋ, ಪುರಾವೆ ಸೀಮಿತ). ಈ ಗುಂಪುಗಳು ಹೇಳೋದು ಪುರಾವೆ ಎಷ್ಟು ಗಟ್ಟಿ ಅನ್ನೋದನ್ನು ಮಾತ್ರ, ಅಪಾಯ ಎಷ್ಟು ದೊಡ್ಡದು ಅನ್ನೋದನ್ನಲ್ಲ. ಸಿಗರೇಟು, ಸಂಸ್ಕರಿಸಿದ ಮಾಂಸ ಎರಡೂ ಮೊದಲನೇ ಗುಂಪಿನಲ್ಲೇ ಇವೆ, ಸಾಯಿಸುವ ಸಂಖ್ಯೆಯಲ್ಲಿ ಅಜಗಜಾಂತರ.

ಕಾಲದ ಅಂತರವನ್ನೂ ನೋಡಿ. ಬೀಡಿ ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರೋಕೆ 20–30 ವರ್ಷ, ಕಲ್ನಾರಿನಿಂದ ಬರುವ ಮೆಸೊಥೀಲಿಯೋಮಕ್ಕೆ (ಮುಖ್ಯವಾಗಿ ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್) 30–40. ಬೇಗ ಬರುವಂಥದ್ದು ರಕ್ತದ ಕ್ಯಾನ್ಸರ್, ಕೆಲವೇ ವರ್ಷ. ಮೂರು ವರ್ಷದ ಹಿಂದೆ ಹೊಸದಾಗಿ ಕಟ್ಟಿದ ಟವರಿಗೆ ಈ ವರ್ಷದ ಜಠರದ ಗಡ್ಡೆಯನ್ನು ಕಟ್ಟೋಕಾಗಲ್ಲ.

ಸೂಕ್ಷ್ಮದರ್ಶಿ (ಶಿವಮೊಗ್ಗ) ಉತ್ತರ:

ಇಲ್ಲಿ ತನಕ ಎಲ್ಲರೂ "ಕ್ಯಾನ್ಸರ್" ಅಂತ ಒಂದೇ ಮುದ್ದೆ ಮಾಡಿ ಮಾತಾಡಿದ್ದೀರಿ. ಚಾರ್ಟ್ ಬರೆಸೋದಾದರೆ ಅಂಗದ ಪ್ರಕಾರ ಬರೆಸಿ. ಏಕೆಂದರೆ ಪ್ರಪಂಚದಲ್ಲಿ ಕೆಲವು ಇಳೀತಿವೆ, ಕೆಲವು ಏರ್ತಿವೆ, ಒಟ್ಟು ಕೂಡಿಸಿದರೆ ಎರಡೂ ಮುಚ್ಚಿಹೋಗುತ್ತವೆ.

ಜಠರದ್ದು ನೂರು ವರ್ಷದ ಹಿಂದೆ ಬಹಳ ದೇಶಗಳಲ್ಲಿ ಮುಂಚೂಣಿಯಲ್ಲಿತ್ತು. ಯಾವ ಸರ್ಕಾರವೂ ಹೋರಾಟ ಮಾಡದೆ ತಾನಾಗಿ ಇಳಿಯಿತು. ಫ್ರಿಜ್ ಬಂತು, ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿ ಇಡುವುದು ತಗ್ಗಿತು, ನೀರು–ನೈರ್ಮಲ್ಯ ಸುಧಾರಿಸಿ ಹೆಲಿಕೊಬ್ಯಾಕ್ಟರ್ ಪೈಲೊರಿ ಸೋಂಕು ಕಡಿಮೆಯಾಯಿತು. ಆ ಬ್ಯಾಕ್ಟೀರಿಯಾ ಕಂಡುಹಿಡಿದದ್ದಕ್ಕೆ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರ ನೊಬೆಲ್. ಜಪಾನ್, ಕೊರಿಯಾ, ಮಂಗೋಲಿಯಾದಲ್ಲಿ ಇನ್ನೂ ಹೆಚ್ಚು. ಜಪಾನಿನಿಂದ ಹವಾಯಿಗೆ ಹೋಗಿ ನೆಲೆಸಿದವರ ಮಕ್ಕಳಲ್ಲಿ ಜಠರದ್ದು ಇಳಿದು ದೊಡ್ಡಕರುಳಿನದು, ಸ್ತನದ್ದು ಏರಿತು. ರಕ್ತ ಅದೇ, ಊಟ ಮತ್ತು ಜೀವನ ಬೇರೆ. (ಮಾವಿನ ಮಿಡಿ ಉಪ್ಪಿನಕಾಯಿ ಬಗ್ಗೆ ಯಾರಾದರೂ ಕೇಳುವ ಮೊದಲೇ: ಪ್ರತಿ ಊಟಕ್ಕೂ ಉಪ್ಪು ಸುರಿಯುವ ಒಟ್ಟು ಅಭ್ಯಾಸವೇ ಪ್ರಶ್ನೆ, ಎಲೆ ತುದಿಗೆ ಬಡಿಸಿದ ಒಂದು ಮಿಡಿ ಅಲ್ಲ.)

ಗರ್ಭಕೊರಳಿನದು ಸೋಂಕಿನಿಂದ ಬರುವಂಥದ್ದು, ಎಚ್‌ಪಿವಿ ಅನ್ನೋ ವೈರಸ್. 2022ರಲ್ಲಿ ಪ್ರಪಂಚದಲ್ಲಿ 6.6 ಲಕ್ಷ ಹೊಸ ರೋಗಿಗಳು, 3.5 ಲಕ್ಷ ಸಾವು, ಬಹುಪಾಲು ಬಡ ದೇಶಗಳಲ್ಲಿ. ಆಸ್ಟ್ರೇಲಿಯಾ 2007ರಲ್ಲಿ ದೇಶವ್ಯಾಪಿ ಲಸಿಕೆ ಶುರು ಮಾಡಿತು. ಇಂಗ್ಲೆಂಡಿನಲ್ಲಿ 12–13ನೇ ವಯಸ್ಸಿಗೆ ಲಸಿಕೆ ಸಿಕ್ಕ ಹುಡುಗಿಯರಲ್ಲಿ ಈ ಕ್ಯಾನ್ಸರ್ ಶೇ 87 ಇಳಿದದ್ದು 2021ರಲ್ಲಿ ಪ್ರಕಟವಾಯಿತು. ಭಾರತದ ಹಳೇ ನೋಂದಣಿಗಳಲ್ಲಿ, ಬೆಂಗಳೂರು, ಚೆನ್ನೈ, ಮುಂಬೈ ಮೂರರಲ್ಲೂ, ಲಸಿಕೆಗೆ ಮೊದಲೇ ಇದು ಇಳಿಯುತ್ತಾ ಬಂದಿದೆ. ಮದುವೆ ವಯಸ್ಸು ಏರಿತು, ಹೆರಿಗೆ ಸಂಖ್ಯೆ ಇಳಿಯಿತು, ಶುಚಿತ್ವ ಸುಧಾರಿಸಿತು. ಅದೇ ಕಾರಣಗಳೇ ಸ್ತನದ ಕ್ಯಾನ್ಸರನ್ನು ಮೇಲೆ ತಳ್ಳುತ್ತವೆ: ತಡವಾದ ಮೊದಲ ಹೆರಿಗೆ, ಕಡಿಮೆ ಮಕ್ಕಳು, ಕಡಿಮೆ ತಿಂಗಳ ಮೊಲೆಹಾಲು, ಮುಟ್ಟು ನಿಂತ ಮೇಲೆ ಏರುವ ತೂಕ. 2022ರಲ್ಲಿ ಭಾರತದಲ್ಲಿ ಸ್ತನದ್ದು 1.92 ಲಕ್ಷ, ಗರ್ಭಕೊರಳಿನದು 1.27 ಲಕ್ಷ.

ಶ್ವಾಸಕೋಶದ್ದು 2022ರಲ್ಲಿ ಪ್ರಪಂಚದಲ್ಲಿ ಮೊದಲನೆಯದು, 24.8 ಲಕ್ಷ ಹೊಸ ರೋಗಿಗಳು, 18 ಲಕ್ಷ ಸಾವು. ಸಿಗರೇಟು ಮಾರಾಟದ ಗೆರೆಯನ್ನು ಇಪ್ಪತ್ತು ಮೂವತ್ತು ವರ್ಷ ಮುಂದಕ್ಕೆ ಸರಿಸಿದರೆ ಹೆಚ್ಚುಕಡಿಮೆ ಇದರ ಗೆರೆ ಸಿಗುತ್ತದೆ. ಅಮೆರಿಕದಲ್ಲಿ ಒಟ್ಟು ಕ್ಯಾನ್ಸರ್ ಸಾವಿನ ದರ 1991ರಲ್ಲಿ ತುದಿ ಮುಟ್ಟಿ ಅಲ್ಲಿಂದ ಮೂರನೇ ಒಂದರಷ್ಟು ಇಳಿದದ್ದಕ್ಕೆ ದೊಡ್ಡ ಕಾರಣ ಗಂಡಸರು ಸಿಗರೇಟು ಬಿಟ್ಟದ್ದು.

ದೊಡ್ಡಕರುಳಿನದು ಶ್ರೀಮಂತ ದೇಶಗಳಲ್ಲಿ ಹಿರಿಯರಲ್ಲಿ ಇಳಿಯುತ್ತಾ 50ರ ಒಳಗಿನವರಲ್ಲಿ ಏರುತ್ತಿದೆ. ಅಮೆರಿಕದಲ್ಲಿ ತಪಾಸಣೆಯ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದ್ದು ಅದಕ್ಕೇ.

ಇನ್ನು "ಹೆಚ್ಚಾಗಿದೆ" ಅನ್ನೋ ಮಾತನ್ನು ಹೇಗೆ ಪರೀಕ್ಷಿಸಬೇಕು ಅನ್ನೋದಕ್ಕೆ ದಕ್ಷಿಣ ಕೊರಿಯಾ ನೋಡಿ. 1999ರಲ್ಲಿ ಅಲ್ಲಿ ಸರ್ಕಾರಿ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಅದರ ಜೊತೆಗೆ ಆಸ್ಪತ್ರೆಗಳು ಚಿಲ್ಲರೆ ದುಡ್ಡಿಗೆ ಕುತ್ತಿಗೆಗೂ ಅಲ್ಟ್ರಾಸೌಂಡ್ ಮಾಡೋಕೆ ಹಿಡಿದವು. 1993ರಿಂದ 2011ರ ಒಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಏರಿತು. ಸಾವು? ಇದ್ದ ಹಾಗೇ ಇತ್ತು. ಎಂದೂ ತೊಂದರೆ ಕೊಡದ ಸಣ್ಣ ಗಂಟುಗಳನ್ನು ಯಂತ್ರ ಹೆಕ್ಕಿ ತೋರಿಸಿತ್ತು. ಆಪರೇಷನ್ ಆದವರು ಜೀವನಪೂರ್ತಿ ಮಾತ್ರೆ ನುಂಗಬೇಕು, ಕೆಲವರಿಗೆ ದನಿಯೇ ಹೋಯಿತು. ಆದ್ದರಿಂದ ಹೊಸ ರೋಗಿಗಳ ಗೆರೆ, ಸಾವಿನ ಗೆರೆ ಎರಡನ್ನೂ ಒಟ್ಟಿಗೆ ಇಡಿ. ಎರಡೂ ಏರಿದರೆ ಕಾಯಿಲೆ ಏರಿದೆ. ಮೊದಲನೆಯದು ಮಾತ್ರ ಏರಿದರೆ ಪತ್ತೆ ಏರಿರಬಹುದು, ಇಲ್ಲವೇ ಚಿಕಿತ್ಸೆ ಸುಧಾರಿಸಿರಬಹುದು.

ಭಾರತದ 98ಕ್ಕೆ ಜನ ಎದ್ದು ಹೋಗಬಾರದು ಅಂತ ಕೇಳಿದಿರಲ್ಲ, ಅದಕ್ಕೆ ಈ ಅಂಕಿ ಹಾಕಿ. 2022ರಲ್ಲಿ ಭಾರತದಲ್ಲಿ 14.1 ಲಕ್ಷ ಹೊಸ ರೋಗಿಗಳು, 9.2 ಲಕ್ಷ ಸಾವು, ನೂರಕ್ಕೆ 65. ಪ್ರಪಂಚದಲ್ಲಿ 2 ಕೋಟಿಗೆ 97 ಲಕ್ಷ, ನೂರಕ್ಕೆ 49. ಸ್ತನದ ಕ್ಯಾನ್ಸರ್ ತಗೊಳ್ಳಿ: ಅತಿ ಮುಂದುವರಿದ ದೇಶಗಳಲ್ಲಿ 12 ಹೆಂಗಸರಲ್ಲಿ ಒಬ್ಬರಿಗೆ ಬರುತ್ತದೆ, 71ರಲ್ಲಿ ಒಬ್ಬರು ಸಾಯುತ್ತಾರೆ. ತೀರಾ ಹಿಂದುಳಿದ ದೇಶಗಳಲ್ಲಿ 27ರಲ್ಲಿ ಒಬ್ಬರಿಗೆ ಬರುತ್ತದೆ, 48ರಲ್ಲಿ ಒಬ್ಬರು ಸಾಯುತ್ತಾರೆ. ಬರೋದು ಕಡಿಮೆ, ಬಂದರೆ ಉಳಿಯೋದೂ ಕಡಿಮೆ. ತಡವಾಗಿ ಬರ್ತಾರೆ, ಅರ್ಧಕ್ಕೆ ಚಿಕಿತ್ಸೆ ಬಿಡ್ತಾರೆ.

ಕೊನೆಗಾರ್ ಸಾಮಾನು ಉತ್ತರ:

ಬಾಯಿದು ಬಿಟ್ಟೇಬಿಟ್ರಲ್ಲ. ಅಡಿಕೆ ಬೆಳೆಯೋ ಜಿಲ್ಲೆ ಅಂತ ಸಂಕೋಚನಾ? ಕವಳ (ಎಲೆಅಡಿಕೆ) ಹಾಕೋರು ಎಲ್ಲಾ ಕಾಲದಲ್ಲೂ ಇದ್ರು. ಹೊಗೆಸೊಪ್ಪು ಸೇರಿದ್ರೆ ಕೆಟ್ಟದ್ದು, ಬರೀ ಅಡಿಕೆಗೆ ಎಂತಕ್ಕೆ ದೂರು?

ಸೂಕ್ಷ್ಮದರ್ಶಿ ಉತ್ತರ:

ಸಂಕೋಚ ಏನಿಲ್ಲ, ಬಿಡಿಯಾಗಿ ಬರೆಯೋಣ ಅಂತ ಬಿಟ್ಟಿದ್ದೆ.

ಹೊಗೆಸೊಪ್ಪು ಸೇರಿದ ಎಲೆಅಡಿಕೆಯನ್ನು ಐಎಆರ್‌ಸಿ 1985ರಲ್ಲೇ ಕ್ಯಾನ್ಸರ್‌ಕಾರಕ ಅಂತ ಹೇಳಿತ್ತು. ಬರೀ ಅಡಿಕೆ, ಹೊಗೆಸೊಪ್ಪಿಲ್ಲದ ಎಲೆಅಡಿಕೆ ಎರಡನ್ನೂ ಮೊದಲನೇ ಗುಂಪಿಗೆ ಸೇರಿಸಿದ್ದು 2004ರ ಸಂಪುಟದಲ್ಲಿ. ಪುರಾವೆಗೆ ಭಾರತ ಒಂದನ್ನೇ ನೆಚ್ಚಿದ್ದರೆ ನಿಮ್ಮ ಆಕ್ಷೇಪಕ್ಕೆ ಬಲ ಇರುತ್ತಿತ್ತು, ನಮ್ಮಲ್ಲಿ ಎರಡೂ ಬೆರೆತಿರುತ್ತವೆ. ತೈವಾನ್, ಪಪುವಾ ನ್ಯೂಗಿನಿಯಲ್ಲಿ ಅಡಿಕೆ ಜೊತೆ ಸುಣ್ಣ ಹಾಕ್ತಾರೆ, ಹೊಗೆಸೊಪ್ಪು ಹಾಕಲ್ಲ. ಅಲ್ಲೂ ಬಾಯಿ ಕ್ಯಾನ್ಸರ್ ಹೆಚ್ಚು.

ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನೋ ರಾಸಾಯನಿಕ ಒಳಕೆನ್ನೆಯ ಪದರದಲ್ಲಿ ನಾರು ಕಟ್ಟಿಸುತ್ತದೆ. ಸುಣ್ಣ ಕ್ಷಾರ ಹೆಚ್ಚಿಸಿ ಅಂಗಾಂಶ ಕೆಡಿಸುವ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತದೆ. ಕೆನ್ನೆ ಬಿಳಿಚಿಕೊಂಡು ಗಟ್ಟಿಯಾಗುತ್ತದೆ, ಖಾರ ತಿಂದರೆ ಉರಿ, ಬಾಯಿ ತೆರೆಯೋದು ಕಡಿಮೆಯಾಗುತ್ತಾ ಬರುತ್ತದೆ. ಅದೇ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅದರಲ್ಲಿ ಒಂದು ಪಾಲು ಕ್ಯಾನ್ಸರಿಗೆ ತಿರುಗುತ್ತದೆ. ಪ್ರಪಂಚದ ನಕ್ಷೆಯಲ್ಲೂ ಇದು ಕಾಣುತ್ತದೆ: ಪಶ್ಚಿಮದ ದೇಶಗಳಲ್ಲಿ ನಾಲಿಗೆ ಬುಡ, ಟಾನ್ಸಿಲ್ ಕಡೆ ಎಚ್‌ಪಿವಿಯಿಂದ ಬರುವುದು ಏರುತ್ತಿದ್ದರೆ, ನಮ್ಮಲ್ಲಿ ಕವಳ ಇಟ್ಟುಕೊಳ್ಳುವ ಜಾಗದಲ್ಲೇ, ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ.

2022ರಲ್ಲಿ ಪ್ರಪಂಚದ 3.9 ಲಕ್ಷ ಬಾಯಿ ಕ್ಯಾನ್ಸರಿನಲ್ಲಿ 1.2 ಲಕ್ಷ ಹೊಗೆರಹಿತ ತಂಬಾಕು ಅಥವಾ ಅಡಿಕೆಯಿಂದ ಅಂತ ಐಎಆರ್‌ಸಿ ಅಂದಾಜು ಮಾಡಿದೆ. ಅದರಲ್ಲಿ 83,400 ಭಾರತದ್ದು.

ಪ್ರಮಾಣದ ಮಾತೂ ಇದೆ. ಊಟ ಆದ ಮೇಲೆ ಒಂದು ಹಾಕಿ ಉಗಿದು ಬಾಯಿ ಮುಕ್ಕಳಿಸುವವರಿಗೂ, ದಿನಕ್ಕೆ ಹತ್ತು ಹದಿನೈದು ಪ್ಯಾಕೆಟ್ ಹಾಕುವವರಿಗೂ, ಕೆನ್ನೆಯಲ್ಲಿಟ್ಟು ಮಲಗುವವರಿಗೂ ಅಪಾಯ ಒಂದೇ ಅಲ್ಲ. ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ ಅನ್ನೋದರ ಜೊತೆ ಏರುತ್ತದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆ ಒಂದು, ತಂಬಾಕು ಇನ್ನೊಂದು ಅಂತ ಜೋಡಿ ಪ್ಯಾಕೆಟ್ ಬಂತು. ಕೈಯಲ್ಲಿ ಬೆರೆಸಿದರೆ ಮತ್ತೆ ಗುಟ್ಕಾನೇ. ಶಿಬಿರದಲ್ಲಿ ಕೇಳುವಾಗ "ಗುಟ್ಕಾ ತಿಂತೀರಾ" ಅಂದರೆ ಇಲ್ಲ ಅಂತಾರೆ. "ಬಾಯಿಗೆ ಎಂತ ಹಾಕ್ತೀರಿ, ದಿನಕ್ಕೆ ಎಷ್ಟು ಸಲ, ರಾತ್ರಿ ಬಾಯಲ್ಲಿಟ್ಟು ಮಲಗ್ತೀರಾ" ಅಂತ ಕೇಳಿ.

ಮೂರನೇ ವಾರ್ಡು (ಭದ್ರಾವತಿ) ಉತ್ತರ:

ತಪಾಸಣೆ ಬಗ್ಗೆ ಇಷ್ಟು. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಮೂರಕ್ಕೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಇದೆ. ಈ ಮೂರಕ್ಕೂ ನಮ್ಮ ದೇಶದಲ್ಲೇ ದೊಡ್ಡ ಪ್ರಯೋಗ ಆಗಿದೆ. ತಿರುವನಂತಪುರದಲ್ಲಿ ಬರೀ ಟಾರ್ಚ್ ಹಾಕಿ ಬಾಯಿ ನೋಡಿದ್ದಕ್ಕೆ ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು (2005). ಮುಂಬೈಯಲ್ಲಿ ಆಸಿಟಿಕ್ ಆಮ್ಲ ಹಚ್ಚಿ ಗರ್ಭಕೊರಳು ನೋಡಿದ್ದಕ್ಕೆ ಸಾವು ಶೇ 31 ಕಡಿಮೆ (2014). ಅಲ್ಲೇ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಸ್ತನ ಪರೀಕ್ಷೆ ಮಾಡಿದ್ದಕ್ಕೆ 50 ದಾಟಿದ ಹೆಂಗಸರಲ್ಲಿ ಸಾವು ಶೇ 30ರ ಹತ್ತಿರ ಇಳಿಯಿತು (2021). ಯಂತ್ರ ಬೇಡ, ತರಬೇತಾದ ಕಣ್ಣು ಕೈ ಬೇಕು.

ಬಾಯಿ ನೋಡುವ ಕ್ರಮ: ಹಲ್ಲು ಸೆಟ್ ಇದ್ದರೆ ತೆಗೆಸಿ, ನೀರಲ್ಲಿ ಮುಕ್ಕಳಿಸೋಕೆ ಹೇಳಿ, ಕವಳದ ಕೆಂಪು ಹೋಗಲಿ. ಇಲ್ಲದಿದ್ದರೆ ಕೆಂಪು ಮಚ್ಚೆ ಕಾಣಲ್ಲ. ಎರಡೂ ಕೆನ್ನೆ, ವಸಡಿನ ಸಂದಿ, ತುಟಿ ಒಳಗೆ, ನಾಲಿಗೆ ಎರಡು ಬದಿ, ನಾಲಿಗೆ ಕೆಳಗೆ, ಅಂಗುಳ. ಒರೆಸಿದರೆ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ಮೂರು ವಾರಕ್ಕೂ ಮಾಯದ ಹುಣ್ಣು ಕಂಡರೆ ಬರೆದುಕೊಳ್ಳಿ. ಅವರದೇ ಮೂರು ಬೆರಳು ಉದ್ದುದ್ದಕ್ಕೆ ಬಾಯೊಳಗೆ ಹೋಗದಿದ್ದರೆ ಅದನ್ನೂ. ಕುತ್ತಿಗೆ ಗಂಟು ಮುಟ್ಟಿ ನೋಡಿ. ಗರ್ಭಕೊರಳಿಗೆ ಶೇ 5ರ ಆಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು ನೋಡಬೇಕು; ಅವಸರ ಮಾಡಿದರೆ ಬಿಳಿ ಕಲೆ ಮೂಡಿರಲ್ಲ. ದ್ರಾವಣ ಅವತ್ತಿನದ್ದೇ ಇರಲಿ.

ಶಿಬಿರಗಳು ಸೋಲೋದು ಪರೀಕ್ಷೆಯಲ್ಲಿ ಅಲ್ಲ, ಆಮೇಲೆ. ಚೀಟಿ ಕೊಟ್ಟು ಕಳಿಸಿದವರು ಬಯಾಪ್ಸಿಗೆ ಹೋದರೋ ಇಲ್ಲವೋ ಯಾರೂ ನೋಡಲ್ಲ. ಚೀಟಿಯ ಇನ್ನೊಂದು ಪ್ರತಿ ಆಶಾ ಕಾರ್ಯಕರ್ತೆ ಹತ್ತಿರ ಇರಲಿ, ಹದಿನೈದು ದಿನದ ಮೇಲೆ ವಿಚಾರಿಸಲಿ. ಅಡಿಕೆ ಕೊಯ್ಲು ನಡೆಯುವಾಗ ಶಿಬಿರ ಇಟ್ಟರೆ ಯಾರೂ ಬರಲ್ಲ ಅನ್ನೋದು ಬೇರೆ ಹೇಳಬೇಕಾಗಿಲ್ಲ.

ತುಂಗಾದಂಡೆ:

ಎಲ್ಲರಿಗೂ ಧನ್ಯವಾದ. ದೇಶಗಳ ಹೋಲಿಕೆ ಚಾರ್ಟ್ ಕೈಬಿಟ್ಟು ಬಾಯಿ, ಗರ್ಭಕೊರಳು, ಸ್ತನ ಮೂರಕ್ಕೆ ಬೇರೆ ಬೇರೆ ಬರೆಸ್ತೇವೆ, ಹೊಸ ರೋಗಿ–ಸಾವು ಜೋಡಿಯಾಗಿ. ಆ ಗ್ರಾಮದವರಿಗೆ ಐದು ವರ್ಷದ ಪಟ್ಟಿ ಮಾಡೋಕೆ ಹೇಳಬೇಕು. ಯಾವ್ಯಾವ ಕಾಲಂ ಬೇಕು?

ಅಂಕಿಮನೆ ಉತ್ತರ:

ವಯಸ್ಸು, ಹೆಣ್ಣು/ಗಂಡು, ಮೊದಲು ಪತ್ತೆಯಾದ ದಿನಾಂಕ, ಗಡ್ಡೆ ಹುಟ್ಟಿದ ಅಂಗ, ಬಯಾಪ್ಸಿ ಆಗಿದೆಯೋ ಇಲ್ಲವೋ, ಚಿಕಿತ್ಸೆ ಎಲ್ಲಿ, ಈಗ ಇದ್ದಾರೋ ಇಲ್ಲವೋ. ಹೆಸರಿನ ಬದಲು ಮನೆ ಸಂಖ್ಯೆ ಸಾಕು, ಪಟ್ಟಿ ಊರೆಲ್ಲ ಸುತ್ತಬಾರದು.

ತಪ್ಪಾಗೋದು ನಾಲ್ಕು ಕಡೆ. ಹತ್ತು ವರ್ಷದ ಹಿಂದೆ ಪತ್ತೆಯಾಗಿ ಈಗಲೂ ಚಿಕಿತ್ಸೆಯಲ್ಲಿರುವವರನ್ನು ಹೊಸಬರ ಜೊತೆ ಎಣಿಸ್ತಾರೆ; ಪತ್ತೆಯಾದ ವರ್ಷಕ್ಕೆ ಒಂದೇ ಸಲ ಬರಬೇಕು. "ಲಿವರ್ ಕ್ಯಾನ್ಸರ್" ಅಂತ ಬರೆಸ್ತಾರೆ, ರಿಪೋರ್ಟ್ ನೋಡಿದರೆ ದೊಡ್ಡಕರುಳಿನದು ಲಿವರ್‌ಗೆ ಹರಡಿರುತ್ತದೆ. ಹುಟ್ಟಿದ ಅಂಗವೇ ಲೆಕ್ಕ. ಗರ್ಭಕೋಶದ ಸಾದಾ ಗಡ್ಡೆ, ಥೈರಾಯ್ಡ್ ಗಂಟು ಎಲ್ಲ "ಗಡ್ಡೆ" ಅಂತ ಒಳಗೆ ಬಂದುಬಿಡುತ್ತವೆ, ಅದಕ್ಕೇ ಬಯಾಪ್ಸಿ ಕಾಲಂ.

ನಾಲ್ಕನೆಯದು ವಿಳಾಸ. ಮಣಿಪಾಲ, ಮಂಗಳೂರು, ಬೆಂಗಳೂರಿನಲ್ಲಿ ಚಿಕಿತ್ಸೆ ತಗೊಂಡವರು ಮಗಳ ಮನೆ ವಿಳಾಸ ಕೊಟ್ಟಿರುತ್ತಾರೆ, ಅವರು ಬಿಟ್ಟುಹೋಗ್ತಾರೆ. ಕಾಯಿಲೆ ಬಂದ ಮೇಲೆ ಊರಿಗೆ ವಾಪಸಾದವರು ಒಳಗೆ ಸೇರ್ತಾರೆ. ನೋಂದಣಿಗಳ ನಿಯಮ ಇಟ್ಟುಕೊಳ್ಳಿ: ಪತ್ತೆಯಾಗುವ ಮೊದಲು ಕನಿಷ್ಠ ಒಂದು ವರ್ಷ ಆ ಊರಲ್ಲೇ ವಾಸ ಇದ್ದವರು ಮಾತ್ರ. ಛೇದಕ್ಕೂ (ಭಾಗಿಸುವ ಜನಸಂಖ್ಯೆಗೂ) ಅದೇ ನಿಯಮ, ರೇಷನ್ ಕಾರ್ಡಿನಲ್ಲಿ ಹೆಸರಿದ್ದು ಬೆಂಗಳೂರಲ್ಲಿರುವ ಹುಡುಗರನ್ನು ಆ 2,000ದಿಂದ ತೆಗೆದು ಆಮೇಲೆ ಭಾಗಿಸಿ.